ಸರ್ವೆ ನಂಬರ್ 64ರ ಕಲ್ಲುಗಳು

2025ರ ನವೆಂಬರ್ 11, ಮಂಗಳವಾರ. ಬೆಳಿಗ್ಗೆ 9.20ಕ್ಕೆ ಚನ್ನಗಿರಿ ತಾಲ್ಲೂಕಿನ ಎಮ್ಮೆಗಟ್ಟೆ ಪೊಲೀಸ್ ಠಾಣೆಗೆ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಮಹಿಳಾ ಕಾನ್‌ಸ್ಟೆಬಲ್ ಅಫ್ಸಾನಾ ಕುರ್ಚಿ ತೋರಿಸಿದರೂ ಕೂರಲಿಲ್ಲ. ಮೇಜಿನ ಹಿಂದಿದ್ದ ಹೆಡ್ ಕಾನ್‌ಸ್ಟೆಬಲ್ ಕಲ್ಲೇಶಪ್ಪನ ಮುಂದೆ ನೇರವಾಗಿ ಹೋಗಿ ನಿಂತರು.

“ನಮ್ಮವ್ವನ್ನ ಯಾರೋ ಎತ್ಕಂಡು ಹೋಗ್ಯಾರೆ. ಬರ್ಕಳ್ರಿ.”

ಕಲ್ಲೇಶಪ್ಪ ಪೆನ್ನು ತೆಗೆದ. “ನಿಮ್ಮವ್ವಂಗೆ ವಯಸ್ಸೆಷ್ಟು? ಯಾವಾಗಿಂದ ಕಾಣ್ತಿಲ್ಲ?”

“ತೀರ್ಕಂಡು ಇಪ್ಪತ್ತೆಂಟು ವರ್ಷ ಆತು. ಆಕಿ ಕಲ್ಲು ಕಾಣ್ತಿಲ್ಲ. ನಿನ್ನೆ ಸಂಜಿ ನೋಡಿದ್ದು. ಆಕಿದೊಂದೇ ಅಲ್ಲ, ಇಪ್ಪತ್ತೈದು ಕಲ್ಲು ಇಲ್ಲ.”

ಕಲ್ಲೇಶಪ್ಪ ಪೆನ್ನು ಕೆಳಗಿಟ್ಟ. ಅಫ್ಸಾನಾ ಒಳಗೆ ಹೋಗಿ ಇನ್‌ಸ್ಪೆಕ್ಟರ್ ಗುರುಬಸವರಾಜ್ ಅವರನ್ನು ಕರೆದಳು.

ಬಂದವರ ಹೆಸರು ಉಡಚಮ್ಮ. ಎಮ್ಮೆಗಟ್ಟೆ ಕೆರೆಯ ಪಕ್ಕದ ಹಕ್ಕಿಪಿಕ್ಕಿ ಕ್ಯಾಂಪಿನವರು, ಅಲ್ಲಿನ ಅರಣ್ಯ ಹಕ್ಕು ಸಮಿತಿಯ ಅಧ್ಯಕ್ಷೆ. ಒಂದು ಕಾಲಕ್ಕೆ ಬಲೆ ಹೊತ್ತು ಊರೂರು ಸುತ್ತಿದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿನ ನಲವತ್ತು ಮನೆಗಳಲ್ಲಿದ್ದರು. ಈಗ ಗಂಡಸರು ವರ್ಷದ ಬಹುಪಾಲು ತಲೆಗೂದಲ ಎಣ್ಣೆ ಮಾರಲು ದೂರದ ರಾಜ್ಯಗಳಿಗೆ ಹೋಗುತ್ತಿದ್ದರು. ಹೊನ್ನಾಳಿ ತಾಲ್ಲೂಕಿನ ಇನ್ನೊಂದು ಕ್ಯಾಂಪಿನಲ್ಲಿ ಮದುವೆ ಇದ್ದ ಕಾರಣ ಉಳಿದ ಹೆಂಗಸರು ಮಕ್ಕಳೆಲ್ಲ 7ನೇ ತಾರೀಖು ಶುಕ್ರವಾರ ಹೊರಟು, 10ರ ಸೋಮವಾರ ಸಂಜೆ ವಾಪಸಾಗಿದ್ದರು. ಆ ನಾಲ್ಕು ದಿನ ಕ್ಯಾಂಪಿನಲ್ಲಿ ನಾಯಿಗಳ ಹೊರತು ಯಾರೂ ಇರಲಿಲ್ಲ.

ಕ್ಯಾಂಪಿಗೂ ಕೆರೆಗೂ ನಡುವೆ ಹನ್ನೊಂದು ಎಕರೆ ಪೊದೆ ನೆಲ, ಸರ್ವೆ ನಂಬರ್ 64. ಅದರ ಒಂದು ಮೂಲೆಯಲ್ಲಿ ಕ್ಯಾಂಪಿನವರ ಸಮಾಧಿಗಳಿದ್ದವು. ಆ ನೆಲದ ಇನ್ನೊಂದು ಬದಿಗೆ, ಕೆರೆಯ ದಂಡೆಯಲ್ಲಿ, ಎಂಟು ವರ್ಷದ ಹಿಂದೆ ‘ತಂಗಾಳಿ’ ಎಂಬ ಬಡಾವಣೆ ಎದ್ದಿತ್ತು. ಹೆಂಚಿನ ಮಾಡು, ಕೆರೆಯ ಕಡೆ ಮುಖ ಮಾಡಿದ ಜಗಲಿ, ಒಟ್ಟು ಇಪ್ಪತ್ನಾಲ್ಕು ಕಾಟೇಜು. ದಾವಣಗೆರೆಯ ವೈದ್ಯರು, ವ್ಯಾಪಾರಿಗಳು, ನಿವೃತ್ತ ನೌಕರರು ಕೊಂಡಿದ್ದರು. ಎರಡನೇ ಹಂತಕ್ಕೆ ಬಡಾವಣೆಯವರು ಕಣ್ಣಿಟ್ಟಿದ್ದು ಈ ಹನ್ನೊಂದು ಎಕರೆಯ ಮೇಲೆ. ಅವರ ಕೈಯಲ್ಲಿ ಖರೀದಿ ಪತ್ರವಿತ್ತು. ಆದರೆ ಅದು ಅರಣ್ಯ ಭೂಮಿ ಎನ್ನುವ ಸರ್ಕಾರದ ಹಳೆಯ ಅಧಿಸೂಚನೆಯೂ ಇತ್ತು. ಆ ಅಧಿಸೂಚನೆ ಹಿಡಿದು ಕ್ಯಾಂಪಿನವರು ಸಮುದಾಯ ಹಕ್ಕಿಗೆ ಅರ್ಜಿ ಹಾಕಿದ್ದರು. ನವೆಂಬರ್ 20ರಂದು ಅಧಿಕಾರಿಗಳ ತಂಡ ಸ್ಥಳ ನೋಡಲು ಬರಬೇಕಿತ್ತು.

“ಕಾಗದ ನಮ್ಮತ್ರ ಇಲ್ರಿ. ನಮ್ಮತ್ರ ಇದ್ದಿದ್ದು ಕಲ್ಲು,” ಎಂದರು ಉಡಚಮ್ಮ.

10.40ಕ್ಕೆ ಎಫ್‌ಐಆರ್ ದಾಖಲಾಯಿತು. ಸಮಾಧಿ ಸ್ಥಳಕ್ಕೆ ಅತಿಕ್ರಮ ಪ್ರವೇಶ, ಕಳವು, ಜೊತೆಗೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ. ಆ ಕಾಯ್ದೆಯ ಪ್ರಕಾರ ತನಿಖಾಧಿಕಾರಿ ಡಿವೈಎಸ್‌ಪಿ. ಅವರು ಫೋನಿನಲ್ಲಿ ಗುರುಬಸವರಾಜ್‌ಗೆ ಹೇಳಿದ್ದು ಎರಡೇ ಮಾತು: “ಸ್ಥಳದ ಕೆಲಸ ನೀವು ಮಾಡಿ. ಇಪ್ಪತ್ತರೊಳಗೆ ಮುಗಿಸಿ.”

*

11.45ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಅಫ್ಸಾನಾ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಳು, ಕಲ್ಲೇಶಪ್ಪ ಬರೆಯುತ್ತಿದ್ದ.

ಜೆಸಿಬಿ ಬಂದಿರಬೇಕು ಎಂದುಕೊಂಡೇ ಹೋಗಿದ್ದ ಗುರುಬಸವರಾಜ್‌ಗೆ ಅದರ ದೊಡ್ಡ ಚಕ್ರದ ಗುರುತು ಸಿಗಲಿಲ್ಲ. ಒಂದು ಪೊದೆಯೂ ಮುರಿದಿರಲಿಲ್ಲ. ಕಲ್ಲು ಕಿತ್ತ ಜಾಗಗಳನ್ನು ಮಣ್ಣು ತುಂಬಿ, ತುಳಿದು ಸಮ ಮಾಡಿ, ಮೇಲೆ ಒಣ ಎಲೆ ಹರವಲಾಗಿತ್ತು. ಗೊತ್ತಿಲ್ಲದವರು ನೋಡಿದರೆ ಅದು ಬರೀ ನೆಲ. ಉಡಚಮ್ಮ ಮಾತ್ರ ಒಂದೊಂದೇ ಜಾಗದ ಮೇಲೆ ನಿಂತು ಹೆಸರು ಹೇಳುತ್ತ ಹೋದರು. ಲಂಟಾನ ಪೊದೆಯೊಳಕ್ಕೆ ಬಾಗಿ ಕೈ ತೋರಿಸಿದರು.

“ಇಲ್ಲಿ ನಾಲ್ಕು ಇದ್ವು. ಹೊರಗಿನೋರಿಗೆ ಕಾಣಂಗಿರ್ಲಿಲ್ಲ. ಅವನ್ನೂ ಬಿಟ್ಟಿಲ್ಲ.”

“ಎಷ್ಟು ದೊಡ್ಡ ಕಲ್ಲು?”

“ಮಣಕಾಲುದ್ದ. ಒಬ್ರು ಎತ್ತಬಹುದು. ಕಷ್ಟ.”

ಸಮಾಧಿಗಳು ಒಟ್ಟು ಮೂವತ್ತೊಂದು. ಆರು ಕಲ್ಲುಗಳು ಮಾತ್ರ ನಿಂತಿದ್ದವು. ಅವುಗಳಲ್ಲೊಂದರ ಮುಂದೆ ಉಡಚಮ್ಮ ನಿಂತುಬಿಟ್ಟರು.

“ಇದು ಯಾರದು?” ಗುರುಬಸವರಾಜ್ ಕೇಳಿದರು.

“ನನ್ನ ಮಗಂದು. ಮಗಂದು ಬಿಟ್ಟಾರೆ, ಅವ್ವಂದು ಒಯ್ದಾರೆ. ಹಿಂಗ್ಯಾಕೆ ಮಾಡಿದ್ರು ಅಂತ ನಿನ್ನೆಯಿಂದ ಅದೇ ಆಗೈತೆ ನಂಗೆ.”

“ಮಗ ಯಾವಾಗ ತೀರಿಕೊಂಡಿದ್ದು?”

“ಎರಡು ಸಾವಿರದ ಒಂಬತ್ತು.”

“ಉಳಿದ ಐದು?”

ಉಡಚಮ್ಮ ಬೆರಳು ಮಡಚಿ ಹೇಳಿದರು. 2007, 2012, 2014, ಕೊರೋನಾ ವರ್ಷದ್ದು ಎರಡು. ಅಫ್ಸಾನಾ ಚಿತ್ರೀಕರಣ ನಿಲ್ಲಿಸಿ ಹತ್ತಿರ ಬಂದಳು. ದೂರಿನ ಜೊತೆ ಲಗತ್ತಿಸಿದ್ದ ಹಕ್ಕು ಅರ್ಜಿಯನ್ನು ಠಾಣೆಯಲ್ಲಿ ಅವಳು ಪೂರ್ತಿ ಓದಿದ್ದಳು.

“ಸಾರ್, ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂದು ದಿನಾಂಕ ಐತೆ. 2005ರ ಡಿಸೆಂಬರ್ 13. ಅದಕ್ಕಿಂತ ಮುಂಚೆ ಇವರು ಇಲ್ಲಿದ್ರು ಅಂತ ಸಾಬೀತಾಗಬೇಕು. ಹೋಗಿರೋ ಕಲ್ಲೆಲ್ಲ ಅದಕ್ಕಿಂತ ಮುಂಚಿನವು. ಆಮೇಲಿನವು ಉಳಿದಾವೆ.”

ಗುರುಬಸವರಾಜ್ ನೆಲ ನೋಡುತ್ತ ನಿಂತರು. ಸಿಟ್ಟಿಗೆ ಕಿತ್ತವರಾದರೆ ಎಲ್ಲವನ್ನೂ ಕೀಳುತ್ತಿದ್ದರು. ಇದನ್ನು ಮಾಡಿದವರಿಗೆ ಕಾನೂನಿನ ದಿನಾಂಕ ಗೊತ್ತಿತ್ತು. ಯಾವ ಕಲ್ಲು ಹಳೆಯದು, ಯಾವುದು ಹೊಸದು ಎನ್ನುವುದೂ ಗೊತ್ತಿತ್ತು. ಹೆಸರು ಕೆತ್ತದ ಕಾಡುಗಲ್ಲುಗಳಲ್ಲಿ ಅದು ಹೇಗೆ ಗೊತ್ತಾಯಿತು?

“ಇದು ಆ ಗುರುಸ್ವಾಮಿ ಕೆಲಸನೇ ಸಾರ್,” ಎಂದ ಕಲ್ಲೇಶಪ್ಪ. ಗುರುಸ್ವಾಮಿ ತಂಗಾಳಿ ಬಡಾವಣೆಯ ಮ್ಯಾನೇಜರ್.

“ಕಣ್ಣಿಗೆ ಕಂಡಿದ್ದು ಬರಿ ಮೊದಲು. ಇದೇನು ನೋಡು.”

ಮುಚ್ಚಿದ ಪ್ರತಿ ಗುಂಡಿಯ ಪಕ್ಕ ಹೆಬ್ಬೆರಳ ದಪ್ಪದ ಸಣ್ಣ ತೂತು. ಗೂಟ ಬಡಿದು ಕಿತ್ತ ಗುರುತು. ಗುಂಡಿಗಳಿಂದ ದೂರದಲ್ಲೂ ಅಂಥವೇ ತೂತುಗಳು ಒಂದೇ ಸಾಲಿನಲ್ಲಿ ಹೋಗಿದ್ದವು, ಅಲ್ಲಲ್ಲಿ ಚಿಟಿಕೆ ಸುಣ್ಣ. ಕಲ್ಲೇಶಪ್ಪ ಎಣಿಸಿ ಬರೆದ: ಮೂವತ್ತೆಂಟು ತೂತು.

*

ಗುರುಸ್ವಾಮಿಯನ್ನು ಮರುದಿನ 12ರ ಬೆಳಿಗ್ಗೆ 10ಕ್ಕೆ ಠಾಣೆಗೆ ಕರೆಸಲಾಯಿತು. ನಲವತ್ತೆರಡು ವರ್ಷ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು.

“ಏಳರಿಂದ ಹತ್ತನೇ ತಾರೀಖು ಎಲ್ಲಿದ್ರಿ?”

“ಗೋವಿನಕೋವಿ. ಅಕ್ಕನ ಮನೆ ಗೃಹಪ್ರವೇಶ. ನ್ಯಾಮತಿ ಕಡೆಯೋರು ನೂರಾರು ಜನ ನೋಡಿದಾರೆ. ಫೋಟೊ ತೋರಿಸ್ಲಾ?”

“ನಿಮ್ಮ ಕೆಲಸಗಾರರು?”

“ಯಾರೂ ಆ ಕಡೆ ಹೋಗಿಲ್ಲ. ನೋಡ್ರಿ ಸಾರ್, ನಮ್ಮ ಹತ್ರ ರಿಜಿಸ್ಟರ್ಡ್ ಪತ್ರ ಐತೆ. ಕಲ್ಲು ಕೀಳೋ ದರಿದ್ರ ನಮಗೇನೈತೆ?”

“ಕಲ್ಲಿದ್ರೆ ನಿಮ್ಮ ಎರಡನೇ ಹಂತ ನಿಲ್ಲುತ್ತೆ.”

“ಅದನ್ನ ಕೋರ್ಟಲ್ಲಿ ನೋಡ್ಕಂತೀವಿ.”

ಫೋನಿನ ಲೊಕೇಶನ್ ಅವನ ಮಾತಿಗೆ ತಾಳೆಯಾಯಿತು. ನಾಲ್ಕು ದಿನವೂ ಅವನು ಗೋವಿನಕೋವಿ ಬಿಟ್ಟು ಕದಲಿರಲಿಲ್ಲ. ಬಡಾವಣೆಯ ಹನ್ನೆರಡು ಕೆಲಸಗಾರರನ್ನು ಕಲ್ಲೇಶಪ್ಪ ಒಬ್ಬೊಬ್ಬರನ್ನಾಗಿ ವಿಚಾರಿಸಿದ. ಅವರೆಲ್ಲ ಆ ವಾರ ಇನ್ನೊಂದು ಊರಿನ ಕಾಮಗಾರಿಗೆ ಹೋಗಿದ್ದರು, ಹಾಜರಿ ಪುಸ್ತಕವೂ ಹಾಗೇ ಹೇಳುತ್ತಿತ್ತು.

ಆ ಮಧ್ಯಾಹ್ನ ಠಾಣೆಯ ಮುಂದೆ ಎರಡು ಗುಂಪು ನಿಂತವು. ಕ್ಯಾಂಪಿನ ಹೆಂಗಸರು ಬೇವಿನ ಮರದಡಿ ಕೂತಿದ್ದರು. ತಂಗಾಳಿಯ ಸಂಘದವರು ಕಾರುಗಳಲ್ಲಿ ಬಂದು, ತಮ್ಮ ಬಡಾವಣೆಯ ಹೆಸರು ಕೆಡಿಸಲು ಕ್ಯಾಂಪಿನವರೇ ಕಲ್ಲು ಬಚ್ಚಿಟ್ಟಿದ್ದಾರೆ ಎಂದು ಮನವಿ ಕೊಟ್ಟರು. ಗುರುಬಸವರಾಜ್ ಮನವಿಗೆ ಸ್ವೀಕೃತಿ ಬರೆದುಕೊಟ್ಟರು. ಮನವಿ ಓದಿ ಹೇಳಿದಾಗ ಉಡಚಮ್ಮ ಕೂಗಾಡಲಿಲ್ಲ. “ಅವರ ಅವ್ವನ ಕಲ್ಲು ಅವರು ಬಚ್ಚಿಡ್ತಾರೇನು?” ಎಂದು ಅಫ್ಸಾನಾಳನ್ನು ಮೆಲ್ಲಗೆ ಕೇಳಿದರು.

*

13ರ ಬೆಳಿಗ್ಗೆ 8.30ಕ್ಕೆ ಸರ್ಕಾರಿ ಭೂಮಾಪಕಿ ಮೇಘಶ್ರೀ ಸ್ಥಳಕ್ಕೆ ಬಂದರು. ಗೂಟದ ತೂತುಗಳನ್ನು ತೋರಿಸಿ ಇದೇನೆಂದು ಹೇಳಲು ಗುರುಬಸವರಾಜ್ ಕೋರಿದ್ದರು. ಮೇಘಶ್ರೀ ಸಾಲಿನ ಗುಂಟ ನಡೆದರು, ತಿರುಗಿ ಬಂದರು, ಒಂದು ಕಡೆ ಕುಕ್ಕರುಗಾಲಲ್ಲಿ ಕೂತು ಟೇಪು ಹಿಡಿದರು.

“ಅಳತೆ ಮಾಡಿದಾರೆ ಸಾರ್. ಈಶಾನ್ಯದ ಗಡಿಕಲ್ಲಿನಿಂದ ಒಂದು ನೇರ ಗೆರೆ ಹೊಡೆದು, ಅದರಿಂದ ಲಂಬವಾಗಿ ಎಷ್ಟೆಷ್ಟು ದೂರಕ್ಕೆ ಏನೈತೆ ಅಂತ ಗುರುತು ಹಾಕಿದಾರೆ. ಇದು ಚೈನ್ ಹಿಡಿದು ಅಳೆಯೋ ಹಳೇ ಪದ್ಧತಿ. ಈಗ ನಾವು ಯಾರೂ ಹಿಂಗೆ ಮಾಡಲ್ಲ, ರೋವರ್ ಮಿಷನ್ ಇಟ್ಟು ಉಪಗ್ರಹದಿಂದ ತಗೋತೀವಿ.”

“ಅಂದರೆ ಮಾಡಿದವರು?”

“ಮೂವತ್ತು ನಲವತ್ತು ವರ್ಷದ ಹಿಂದೆ ಕೆಲಸ ಕಲಿತವರು. ಮತ್ತೆ, ಅವರ ಹತ್ರ ಹಳೇ ಅಳತೆ ಇರಬೇಕು. ಅದನ್ನ ನೋಡ್ಕೊಂಡೇ ಈ ಜಾಗಗಳನ್ನ ಹುಡುಕಿದಾರೆ. ಪೊದೆಯೊಳಗಿನ ನಾಲ್ಕು ಸಿಕ್ಕಿದ್ದು ಹಂಗೇ.”

“ಈ ಜಾಗವನ್ನ ಮೊದಲು ಅಳೆದವರು ಯಾರು?”

ಮೇಘಶ್ರೀ ಟೇಪು ಸುತ್ತುವುದನ್ನು ನಿಲ್ಲಿಸಿದರು. “2004ರಲ್ಲಿ ಕೆರೆಗಡಿ ಸರ್ವೆ ಆಗಿತ್ತು. ನಕ್ಷೆ ನೋಡಿದೀನಿ. ಅದರಲ್ಲಿ ಕೆರೆ ಗಡಿ ಮಾತ್ರ ಐತೆ, ಸಮಾಧಿ ಇಲ್ಲ. ಸಹಿ ತಿಪ್ಪೇಶಪ್ಪ ಸರ್‌ದು.”

“ಅವರು ಎಲ್ಲಿದಾರೆ?”

“ಇಲ್ಲೇ ಸಾರ್. ತಂಗಾಳಿಯಲ್ಲಿ, ಹತ್ತೊಂಬತ್ತನೇ ಕಾಟೇಜ್.” ಟೇಪು ಮತ್ತೆ ಸುತ್ತುತ್ತ ಸೇರಿಸಿದರು: “ನಾನು ಕೆಲಸಕ್ಕೆ ಸೇರಿದಾಗ ಚೈನ್ ಹಿಡಿಯೋದು ಹೇಳಿಕೊಟ್ಟವರು ಅವರೇ. ಸುಳ್ಳು ಅಳತೆ ಬರೆಯೋ ಮನುಷ್ಯ ಅಲ್ಲ. ಅದನ್ನೂ ಬರ್ಕೊಳ್ರಿ.”

ಗುರುಬಸವರಾಜ್ ಅದನ್ನೂ ಬರೆಸಿಕೊಂಡರು. ಆದರೆ ತಕ್ಷಣ ಹತ್ತೊಂಬತ್ತನೇ ಕಾಟೇಜಿನ ಕದ ತಟ್ಟಲಿಲ್ಲ. ಗೂಟದ ತೂತು ಒಬ್ಬರ ವಿದ್ಯೆಯನ್ನು ತೋರಿಸುತ್ತದೆ, ಕೈಯನ್ನಲ್ಲ. ಅರವತ್ತೊಂಬತ್ತು ವರ್ಷದ ಮನುಷ್ಯ ಇಪ್ಪತ್ತೈದು ಕಲ್ಲು ಸಾಗಿಸಿದ್ದು ಹೇಗೆ ಎಂಬುದು ಮೊದಲು ತಿಳಿಯಬೇಕಿತ್ತು.

ಅಫ್ಸಾನಾ ಬಡಾವಣೆಯ ಗೇಟಿನ ಕ್ಯಾಮೆರಾದ ನಾಲ್ಕು ದಿನದ ದೃಶ್ಯಗಳನ್ನು ಸಂಜೆಯವರೆಗೆ ಕೂತು ನೋಡಿದಳು. 8ರ ಶನಿವಾರ ಬೆಳಿಗ್ಗೆ 10.12ಕ್ಕೆ ಒಂದು ಲಗೇಜ್ ಆಟೊ ಒಳಗೆ ಹೋಗಿತ್ತು, 10.50ಕ್ಕೆ ಹೊರಗೆ. ಮತ್ತೆ 11.20ಕ್ಕೆ ಒಳಗೆ. ಒಳ ಹೋಗುವಾಗ ಹಿಂದಿನ ಚಕ್ರ ಅದುಮಿಕೊಂಡಿದ್ದವು, ಹೊರ ಬರುವಾಗ ಹಗುರ. ನಂಬರು ಕೆರೆಬಿಳಚಿಯ ಬುಡನ್‌ಸಾಬರದು.

*

14ರ ಬೆಳಿಗ್ಗೆ 11ಕ್ಕೆ ಕಲ್ಲೇಶಪ್ಪ ಮತ್ತು ಅಫ್ಸಾನಾ ಕೆರೆಬಿಳಚಿಗೆ ಹೋದಾಗ ಬುಡನ್‌ಸಾಬ್ ಆಟೊದ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದರು. ಖಾಕಿ ಕಂಡು ಎದ್ದು ಕೂತರು. ಕೈಯ ಗ್ರೀಸು ಒರೆಸಿಕೊಳ್ಳುವುದನ್ನೂ ಮರೆತರು.

“ನೀವು ಬರ್ತೀರಿ ಅಂತ ಗೊತ್ತಿತ್ತು,” ಎಂದರು.

“ಗೊತ್ತಿದ್ರೆ ನೀವೇ ಬರಬೇಕಿತ್ತು. ಎಂಟನೇ ತಾರೀಖು ಏನು ಹೇರಿದ್ರಿ?” ಕಲ್ಲೇಶಪ್ಪ ಕೇಳಿದ.

“ಕಲ್ಲು. ತಂಗಾಳಿ ಹತ್ತೊಂಬತ್ತನೇ ಮನೆ ಸಾಹೇಬ್ರು ಕರೆದ್ರು. ತೋಟದಾಗೆ ದಾರಿಗೆ ಹಾಸಾಕೆ ಬೇಕು ಅಂದ್ರು. ಕಿತ್ತು ಇಟ್ಟಿದ್ರು, ನಾನು ಹೇರಿದೆ ಅಷ್ಟೆ. ಒಂದು ಟ್ರಿಪ್ಪಿಗೆ ಐದು, ಎರಡನೇದಕ್ಕೆ ನಾಲ್ಕು. ಮೂರನೇ ಸಲಕ್ಕೆ ಹೋದಾಗ ಒಂದು ಕಲ್ಲಿನ ಮ್ಯಾಲೆ ಕುಂಕುಮ ಕಾಣ್ತು. ಸಾಹೇಬ್ರೆ ಇದೇನು ಅಂದೆ. ಅವರು ಮಾತಾಡ್ಲಿಲ್ಲ. ನಾನು ಅಲ್ಲೇ ಇಳಿಸಿಬಿಟ್ಟೆ. ನನ್ನ ಕೈಲಿ ಆಗಲ್ಲ ಅಂದೆ, ಬಂದುಬಿಟ್ಟೆ.”

“ಆಮೇಲೆ ಯಾಕೆ ಸುಮ್ಮನಿದ್ರಿ?”

ಬುಡನ್‌ಸಾಬ್ ಅಫ್ಸಾನಾಳ ಕಡೆ ನೋಡಿದರು. “ಅಲ್ಲ ತಾಯಿ, ಬ್ಯಾರೆಯೋರ ಗೋರಿ ಕಲ್ಲು ಹೇರಿದೋನು ಬುಡನ್‌ಸಾಬ್ ಅಂತ ಊರಾಗೆ ಹಬ್ಬಿದ್ರೆ ಸುದ್ದಿ ಎಲ್ಲಿಗೋ ಹೊಕ್ಕೈತೆ. ಯಾರು ಕರೆದಿದ್ರು, ಏನು ಹೇಳಿದ್ರು ಅಂತ ಯಾರು ಕೇಳ್ತಾರೆ? ಹೆದರ್ಕಂಡೆ.”

ಅಫ್ಸಾನಾ ಹೇಳಿಕೆಯನ್ನು ಅವರ ಮಾತಿನಲ್ಲೇ ಬರೆದುಕೊಂಡಳು. ಓದಿ ಹೇಳಿ, ಸಹಿ ಹಾಕಿಸಿಕೊಂಡಳು.

*

15ರ ಶನಿವಾರ ಬೆಳಿಗ್ಗೆ 10.30ಕ್ಕೆ ಗುರುಬಸವರಾಜ್ ಇಬ್ಬರು ಪಂಚರ ಜೊತೆ ಹತ್ತೊಂಬತ್ತನೇ ಕಾಟೇಜಿಗೆ ಹೋದರು. ಕದ ತೆರೆದೇ ಇತ್ತು. ತಿಪ್ಪೇಶಪ್ಪ ಜಗಲಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. ಬಿಳಿ ಧೋತರ, ಹಣೆಯಲ್ಲಿ ವಿಭೂತಿ, ಎರಡೂ ಅಂಗೈಗೆ ಬಟ್ಟೆ ಸುತ್ತಿದ ಪಟ್ಟಿ.

“ಕೈಗೇನಾಯ್ತು?”

“ಬೊಬ್ಬೆ ಎದ್ದಾವೆ. ಹಾರೆ ಹಿಡಿದು ರೂಢಿ ಇಲ್ಲ.” ಕನ್ನಡಕ ತೆಗೆದು ಮಡಚಿದರು. “ಕಲ್ಲು ಹಿಂದಿನ ಶೆಡ್ಡಿನಾಗೆ ಅದಾವೆ. ಬರ್ರಿ.”

ಶೆಡ್ಡಿನ ಬೀಗ ಅವರೇ ತೆಗೆದರು. ನೀಲಿ ತಾಡಪಾಲು ಸರಿಸಿದಾಗ ಇಪ್ಪತ್ತೈದು ಕಲ್ಲುಗಳು ಕಂಡವು. ಒಂದರ ಮೇಲೊಂದು ಪೇರಿಸಿರಲಿಲ್ಲ. ಕೆಳಗೆ ಗೋಣಿಚೀಲ ಹಾಸಿ, ಗೋಡೆಗೆ ಒರಗಿಸಿ, ಸಾಲಾಗಿ ನಿಲ್ಲಿಸಿದ್ದರು. ಪ್ರತಿ ಕಲ್ಲಿನ ಬುಡದಲ್ಲಿ ಸೀಮೆಸುಣ್ಣದ ನಂಬರು. ಗೋಡೆಯ ಮೊಳೆಗೆ ತಗುಲಿಹಾಕಿದ್ದ ಚೀಲದಲ್ಲಿ ಕಂದು ರಟ್ಟಿನ ಕಿಸೆಪುಸ್ತಕವಿತ್ತು. 2004ರ ಮಾರ್ಚ್ ತಿಂಗಳ ಪುಟಗಳಲ್ಲಿ ಇಪ್ಪತ್ತೈದು ಸಮಾಧಿಗಳ ಅಳತೆ, ಸಣ್ಣ, ಸ್ವಚ್ಛ ಅಕ್ಷರದಲ್ಲಿ.

“ಸರ್ಕಾರದೋರು ಕೆರೆ ಗಡಿ ಅಷ್ಟೇ ಕೇಳಿದ್ರು, ನಕ್ಷೆದಾಗೆ ಅಷ್ಟೇ ಹಾಕಿದೆ. ಕಣ್ಣಿಗೆ ಕಂಡಿದ್ದನ್ನ ಬರ್ಕಳೋದು ನನ್ನ ಚಾಳಿ. ಪುಸ್ತಕದಾಗೆ ಬರ್ಕಂಡಿದ್ದೆ.”

“ಎಲ್ಲ ಹಗಲಲ್ಲೇ ಮಾಡಿದ್ರಾ?”

“ಹಗಲೇ. ಟೇಪು, ಗೂಟ ಹಿಡ್ಕಂಡು ಓಡಾಡೋನ್ನ ಯಾರೂ ಏನೂ ಕೇಳಲ್ಲ. ದನ ಮೇಯಿಸೋರು ಇಬ್ಬರು ನಮಸ್ಕಾರ ಹೇಳಿ ಹೋದ್ರು. ಬುಡನ್‌ಸಾಬ್ ಬಿಟ್ಟು ಹೋದ್ಮ್ಯಾಲೆ ಉಳಿದ ಹದಿನಾರು ಕೈಗಾಡಿಯಾಗೆ ತಂದೆ. ಮೂರು ದಿನ ಹಿಡೀತು. ಬುಡನ್‌ಸಾಬಂದು ತಪ್ಪಿಲ್ಲ, ನಾನು ಸುಳ್ಳು ಹೇಳಿ ಕರೆದಿದ್ದು.”

“ಒಯ್ದು ಕೆರೆಗೆ ಹಾಕಬಹುದಿತ್ತು. ನಂಬರ್ ಯಾಕೆ ಹಾಕಿದ್ರಿ?”

“ಇಪ್ಪತ್ತನೇ ತಾರೀಖು ದಾಟಿದ ಮ್ಯಾಲೆ ಎಲ್ಲೆಲ್ಲಿದ್ವೋ ಅಲ್ಲಲ್ಲೇ ವಾಪಸ್ ನಿಲ್ಲಿಸಬೇಕಂತಿದ್ದೆ. ತಪ್ಪು ಜಾಗಕ್ಕೆ ಹೋಗಬಾರದಲ್ಲ.”

ಗುರುಬಸವರಾಜ್ ಒಂದೇ ಪ್ರಶ್ನೆ ಕೇಳಿದರು.

“ಯಾಕೆ?”

ತಿಪ್ಪೇಶಪ್ಪ ಶೆಡ್ಡಿನ ಪಕ್ಕದ ಸಣ್ಣ ಗೇಟು ತೆರೆದು ಕಾಂಪೌಂಡಿನ ಆಚೆ ಕರೆದೊಯ್ದರು. ಇಪ್ಪತ್ತು ಹೆಜ್ಜೆ ದೂರದಲ್ಲಿ, ಕೆರೆಯ ನೀರು ಕಾಣುವ ಕಡೆ, ಕಣಗಿಲೆ ಗಿಡದ ಕೆಳಗೆ ಒಂದು ಗದ್ದುಗೆ. ಮೇಲೆ ಸಣ್ಣ ಲಿಂಗ. ಕಲ್ಲಿನಲ್ಲಿ ಬರೆದಿತ್ತು: ಪ್ರೇಮಮ್ಮ, ಲಿಂಗೈಕ್ಯ 4-8-2023.

ಅವರ ಹೇಳಿಕೆಯನ್ನು ಅಲ್ಲೇ ಗಿಡದ ನೆರಳಲ್ಲಿ ನಿಂತು ಬರೆದುಕೊಳ್ಳಲಾಯಿತು.

ಜಗಳೂರಿನ ತಿಪ್ಪೇಶಪ್ಪನಿಗೆ ಮೂವತ್ನಾಲ್ಕು ವರ್ಷದ ನೌಕರಿಯಲ್ಲಿ ಹದಿನಾಲ್ಕು ಸಲ ವರ್ಗವಾಗಿತ್ತು. ಮಕ್ಕಳಿರಲಿಲ್ಲ. ಪ್ರತಿ ಸಲವೂ ಪ್ರೇಮಮ್ಮ ಪಾತ್ರೆಗಳನ್ನು ಕಾಗದದಲ್ಲಿ ಸುತ್ತಿ, ಗಂಡ ತೋರಿಸಿದ ಹೊಸ ಬಾಡಿಗೆ ಮನೆಗೆ ಹೋಗುತ್ತಿದ್ದರು. ಒಂದೆಡೆ ಮಲ್ಲಿಗೆ ಬಳ್ಳಿ ಮೊಗ್ಗಾದ ವಾರವೇ ವರ್ಗದ ಆದೇಶ ಬಂದಿತ್ತಂತೆ. ಆಮೇಲೆ ಆಕೆ ಎಲ್ಲೂ ಬಳ್ಳಿ ಹಚ್ಚಲಿಲ್ಲ. ಜೀವನಪೂರ್ತಿ ಊರ ಜನರ ನೆಲ ಅಳೆದುಕೊಟ್ಟವರು ತಮ್ಮದೆಂದು ಕೊಂಡಿದ್ದು ಈ ಕಾಟೇಜು ಒಂದೇ. ಕಾಯಿಲೆಯ ಕೊನೆಯ ವರ್ಷ ಪ್ರೇಮಮ್ಮ ಜಗಲಿಯಲ್ಲೇ ಮಂಚ ಹಾಕಿಸಿಕೊಂಡು ನೀರು ನೋಡುತ್ತ ಮಲಗಿರುತ್ತಿದ್ದರು.

“ಇನ್ನು ಮ್ಯಾಲೆ ನನ್ನ ಎಲ್ಲಿಗೂ ಎತ್ತಾಕಬ್ಯಾಡ್ರಿ ಅಂದಿದ್ಲು,” ಎಂದರು ತಿಪ್ಪೇಶಪ್ಪ. “ಅದೊಂದೇ ಕೇಳಿದ್ದು ನನ್ನ ಹತ್ರ. ಬಡಾವಣೆ ಒಳಗೆ ಮಣ್ಣು ಮಾಡಾಕೆ ಸಂಘದೋರು ಒಪ್ಪಲಿಲ್ಲ. ಆಚೆ ಮಾಡ್ಕಳ್ರಿ, ಹೆಂಗೂ ಅದು ನಮ್ಮದೇ ಆಗೋದು ಅಂತ ಗುರುಸ್ವಾಮಿ ಅಂದ. ಮಾಡಿದೆ. ಅದು ಅರವತ್ನಾಲ್ಕನೇ ನಂಬರಿನೊಳಗೆ ಬರ್ತೈತೆ ಅಂತ ನನಗೆ ಗೊತ್ತಿತ್ತು.”

“ಆಮೇಲೆ?”

“ಕ್ಯಾಂಪಿನೋರ ಅರ್ಜಿ ಬಂತು. ಹಕ್ಕುಪತ್ರ ಸಿಕ್ಕಿದ್ರೆ ಮೊದಲು ಕಿತ್ತು ಎಸೆಯೋದು ನಿಮ್ಮ ಹೆಂಡ್ತಿ ಕಲ್ಲೇ ಅಂತ ಗುರುಸ್ವಾಮಿ ಎರಡು ಮೂರು ಸಲ ಹೇಳಿದ. ನಂಬಲಿಲ್ಲ. ದೀಪಾವಳಿ ಮರುದಿನ ಬೆಳಿಗ್ಗೆ ಬಂದು ನೋಡ್ತೀನಿ, ಇವಳ ಗದ್ದುಗೆ ಮುಂದೆ ಮುತ್ತುಗದೆಲೆ, ಅದರಾಗೆ ಅನ್ನ, ಬೆಲ್ಲ, ಕುಂಕುಮ. ಗುರುಸ್ವಾಮಿಗೆ ತೋರಿಸಿದೆ. ಮಾಟ, ಜಾಗ ಬಿಡಿಸಾಕೆ ಮಾಡಿದಾರೆ ಅಂದ. ಆವತ್ತು ನಂಬಿದೆ.”

“ಕ್ಯಾಂಪಿಗೆ ಹೋಗಿ ಕೇಳಲಿಲ್ಲವಾ?”

ತಿಪ್ಪೇಶಪ್ಪ ತಲೆಯಾಡಿಸಿದರು. “ಎಂಟು ವರ್ಷದಾಗೆ ಒಂದಿನಾನೂ ಆ ಕಡೆ ಹೋಗಿರ್ಲಿಲ್ಲ. ಈಗ ಹೆಂಗೆ ಹೋಗ್ಲಿ ಅಂತ.”

ಕಲ್ಲುಗಳನ್ನು ಗುರುತಿಸಲು ಉಡಚಮ್ಮನವರನ್ನು ಕರೆತರಲಾಗಿತ್ತು. ಅವರು ಶೆಡ್ಡಿನೊಳಗೆ ಹೋಗಿ ಸಾಲಿನ ಗುಂಟ ನಡೆದು, ಹನ್ನೊಂದನೇ ನಂಬರಿನ ಮುಂದೆ ಕೂತು ಸೆರಗಿನಿಂದ ಧೂಳು ಒರೆಸಿದರು. ಬಹಳ ಹೊತ್ತು ಏಳಲಿಲ್ಲ. ಪಂಚನಾಮೆಗೆ ಹೆಬ್ಬೆಟ್ಟು ಹಾಕಲು ಹೊರಗೆ ಬಂದಾಗ ತಿಪ್ಪೇಶಪ್ಪ ಗೇಟಿನ ಹತ್ತಿರ ನಿಂತಿದ್ದರು. ಗುರುಬಸವರಾಜ್ ಕೇಳಿದರು:

“ದೀಪಾವಳಿಗೆ ಅಲ್ಲಿ ಆ ಗದ್ದುಗೆ ಮುಂದೆ ಎಲೆ ಇಟ್ಟಿದ್ದು ಯಾರು?”

“ನಾನೇ,” ಎಂದರು ಉಡಚಮ್ಮ. “ನಮ್ಮ ಹಿರೇರಿಗೆ ಎಡೆ ಇಡ್ತೀವಲ್ಲ ಆವತ್ತು. ಮೂವತ್ತೊಂದು ಇಟ್ಟೆ. ಆಕಿನೂ ಇಲ್ಲೇ ಮಲಗ್ಯಾಳಲ್ಲ, ಆಕಿಗೊಂದು ಬಿಟ್ಟರೆ ಹೆಂಗೆ? ಹೋದ ವರ್ಷನೂ ಇಟ್ಟಿದ್ದೆ. ಇವರು ಊರಾಗೆ ಇರ್ಲಿಲ್ಲ.”

ತಿಪ್ಪೇಶಪ್ಪ ಗೇಟಿನ ಸರಳು ಹಿಡಿದುಕೊಂಡರು. ಅಫ್ಸಾನಾ ಕುರ್ಚಿ ತಂದುಕೊಟ್ಟಳು.

“ಕೇಳಿದ್ರೆ ಹೇಳ್ತಿದ್ದೆ,” ಎಂದರು ಉಡಚಮ್ಮ, ಅವರನ್ನಲ್ಲ, ಇನ್‌ಸ್ಪೆಕ್ಟರನ್ನು ನೋಡುತ್ತ. “ಆದ್ರೆ ಸ್ವಾಮಿ, ನಮ್ಮವ್ವನ್ನ ಒಂದು ವಾರ ಗೋಣಿಚೀಲದ ಮ್ಯಾಲೆ ನಿಲ್ಸಿದಾರೆ. ಅದನ್ನ ನಾನು ಸುಮ್ಮನೆ ಬಿಡಾಕೆ ಆಗಲ್ಲ. ದೂರು ಹಂಗೇ ಇರ್ಲಿ.”

“ಇರುತ್ತೆ,” ಎಂದರು ಗುರುಬಸವರಾಜ್.

12.35ಕ್ಕೆ ಬಂಧನದ ಕಾರಣಗಳನ್ನು ಬರಹದಲ್ಲಿ ಕೊಟ್ಟು ತಿಪ್ಪೇಶಪ್ಪ ಅವರನ್ನು ಬಂಧಿಸಲಾಯಿತು. ಯಾರಿಗೆ ತಿಳಿಸಬೇಕು ಎಂದು ಕೇಳಿದಾಗ ಜಗಳೂರಿನ ತಮ್ಮನ ನಂಬರು ಕೊಟ್ಟರು. ಜೀಪು ಹತ್ತುವ ಮುಂಚೆ ಒಂದೇ ಮಾತು ಹೇಳಿದರು: “ವಾಪಸ್ ನಿಲ್ಲಿಸೋರಿಗೆ ಗಡಿಕಲ್ಲಿನಿಂದ ಅಳೆಯಾಕೆ ಹೇಳ್ರಿ. ಕೆರೆ ಏರಿಯಿಂದ ಬ್ಯಾಡ. ಏರಿನ ಆಮೇಲೆ ಅಗಲ ಮಾಡಿದಾರೆ, ಅಳತೆ ತಪ್ಪುತ್ತೆ.”

*

ನವೆಂಬರ್ 20ರಂದು ಅಧಿಕಾರಿಗಳ ತಂಡ ಬಂತು. ಕಲ್ಲುಗಳು ಇನ್ನೂ ಪೊಲೀಸ್ ವಶದಲ್ಲಿದ್ದ ಕಾರಣ ತಂಡ ಪಂಚನಾಮೆಯ ಪ್ರತಿಯನ್ನೂ ಕಿಸೆಪುಸ್ತಕದ ಪುಟಗಳನ್ನೂ ನೋಡಿ ದಾಖಲಿಸಿಕೊಂಡಿತು. ಹಕ್ಕು ಅರ್ಜಿ ಈಗ ಜಿಲ್ಲಾ ಸಮಿತಿಯ ಮುಂದಿದೆ. ಬಡಾವಣೆಯವರು ತಕರಾರು ಸಲ್ಲಿಸಿದ್ದಾರೆ. ಗುರುಸ್ವಾಮಿಯನ್ನು ಇನ್ನೊಮ್ಮೆ ಕರೆಸಿದಾಗ ಅವನು, “ಬಾಯಿಮಾತಿಗೆ ಅಂದಿದ್ದು ಸಾರ್, ಕಿತ್ತುಬಿಡ್ರಿ ಅಂತ ನಾನು ಹೇಳಿದ್ನಾ?” ಎಂದ. ಅವನನ್ನು ಪ್ರಚೋದನೆಯ ಆರೋಪಿ ಮಾಡಬಹುದೇ ಎಂದು ಡಿವೈಎಸ್‌ಪಿ ಸರ್ಕಾರಿ ಅಭಿಯೋಜಕರ ಅಭಿಪ್ರಾಯ ಕೇಳಿದ್ದಾರೆ. ಉತ್ತರ ಬಂದಿಲ್ಲ.

ಡಿಸೆಂಬರ್ 3ರಂದು ನ್ಯಾಯಾಲಯ ಕಲ್ಲುಗಳನ್ನು ಕ್ಯಾಂಪಿನವರ ಸುಪರ್ದಿಗೆ ಒಪ್ಪಿಸಿತು. 6ರ ಶನಿವಾರ ಮೇಘಶ್ರೀ ಗಡಿಕಲ್ಲಿನಿಂದ ಗೆರೆ ಹಿಡಿದು ಒಂದೊಂದೇ ಜಾಗ ತೋರಿಸಿದರು, ಎಣ್ಣೆ ವ್ಯಾಪಾರದಿಂದ ಮರಳಿದ್ದ ಗಂಡಸರು ಒಂದೊಂದೇ ಕಲ್ಲು ನಿಲ್ಲಿಸಿದರು. ಕೆಲಸ ಮುಗಿದ ಮೇಲೆ ಹೊಸ ನಕ್ಷೆಯಲ್ಲಿ ಸಮಾಧಿಗಳ ಸಂಖ್ಯೆ ಬರೆಯುವಾಗ ಮೇಘಶ್ರೀ ಉಡಚಮ್ಮನವರನ್ನು ಕೇಳಿ ಖಚಿತಪಡಿಸಿಕೊಂಡರು. ಆಗ ನಡೆದ ಮಾತನ್ನು ಗುರುಬಸವರಾಜ್ ಕೇಸ್ ಡೈರಿಯಲ್ಲಿ ಬರೆಯಲಿಲ್ಲ, ಅದಕ್ಕೆ ಅಲ್ಲಿ ಜಾಗವಿರಲಿಲ್ಲ.

ಜನವರಿ 19ರಂದು, ಜಾಮೀನಿನ ಮೇಲಿದ್ದ ತಿಪ್ಪೇಶಪ್ಪ ನ್ಯಾಯಾಲಯಕ್ಕೆ ಹಾಜರಾದರು. ದೋಷಾರೋಪಣ ಪಟ್ಟಿಯ ಜೊತೆ ಎಲ್ಲ ದಾಖಲೆಗಳ ಪ್ರತಿಯನ್ನು ಆರೋಪಿಗೆ ಕೊಡಬೇಕು. ಕಾರಿಡಾರಿನ ಬೆಂಚಿನಲ್ಲಿ ಕೂತು ಅವರು ಉಳಿದ ಹಾಳೆಗಳನ್ನೆಲ್ಲ ಬದಿಗಿಟ್ಟು ನಕ್ಷೆಯನ್ನು ಬಿಡಿಸಿದರು. ಮೊದಲು ಮಾಪನ ನೋಡಿದರು. ಗಡಿಕಲ್ಲು ನೋಡಿದರು. ಬೆರಳಿಟ್ಟು ಸಮಾಧಿಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಕೊನೆಯ ಗುರುತಿನ ಮೇಲೆ ಬೆರಳು ನಿಂತಿತು. ಅದು ಉಳಿದವುಗಳಿಂದ ದೂರದಲ್ಲಿ, ಕೆರೆಯ ಕಡೆಗೆ ಒಂಟಿಯಾಗಿತ್ತು. ನಕ್ಷೆಯ ಕೆಳಗೆ ಬರೆದಿತ್ತು: ಸಮುದಾಯದ ಸಮಾಧಿಗಳು, ಒಟ್ಟು 32.

“ಇದನ್ನ ಹಾಕ್ಸಿದ್ದು ಯಾರು?” ಎಂದು ಪಕ್ಕದಲ್ಲಿ ನಿಂತಿದ್ದ ಇನ್‌ಸ್ಪೆಕ್ಟರನ್ನು ಕೇಳಿದರು.

“ಉಡಚಮ್ಮ,” ಎಂದರು ಗುರುಬಸವರಾಜ್.

ತಿಪ್ಪೇಶಪ್ಪ ನಕ್ಷೆಯನ್ನು ಮಡಚಲಿಲ್ಲ. ಒಳಗಿನಿಂದ ಅವರ ಹೆಸರು ಕೂಗುವವರೆಗೂ ತೊಡೆಯ ಮೇಲೆ ಬಿಡಿಸಿಟ್ಟುಕೊಂಡೇ ಕೂತಿದ್ದರು.